ದೊಡ್ಡ ಎಸ್‌ಯುವಿ ತಿರುವಲ್ಲಿ ಅತಿಯಾಗಿ ವಾಲ್ತಿದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ

ಫಾರ್ಚೂನರ್, ಸ್ಕಾರ್ಪಿಯೋ, ಹಳೇ ಸಫಾರಿ, ಎಂಡೆವರ್ ಇಂಥವನ್ನ ಇಟ್ಕೊಂಡಿರೋರು ನಾಲ್ಕೈದು ವರ್ಷ ಆದ್ಮೇಲೆ ಹೇಳೋ ಕಂಪ್ಲೇಂಟ್ ಹೆಚ್ಚುಕಮ್ಮಿ ಒಂದೇ, ಗಾಡಿ ತುಂಬಾ ಅಲ್ಲಾಡುತ್ತೆ, ಚಾರ್ಮಾಡಿ ಇಳಿಯೋಷ್ಟರಲ್ಲಿ ಹಿಂದಿನ ಸೀಟ್‌ನೋರು ಕವರ್ ಕೇಳ್ತಾರೆ ಅಂತ. ಗ್ಯಾರೇಜಿಗೆ ತಗೊಂಡು ಹೋದ್ರೆ ಸಿಗೋ ಉತ್ತರಾನೂ ಹೆಚ್ಚುಕಮ್ಮಿ ಒಂದೇ, "ಶಾಕಪ್ ಹೋಗಿದೆ ಸರ್, ನಾಲ್ಕೂ ಹಾಕ್ಸಿಬಿಡಿ". ಸಾವಿರಾರು ರೂಪಾಯಿ ಖರ್ಚು ಮಾಡಿ ನಾಲ್ಕೂ ಹಾಕ್ಸಿ, ಮೊದಲ ವಾರ ಏನೋ ಸರಿಹೋದಂಗೆ ಅನ್ಸಿ, ಆಮೇಲೆ ಅದೇ ತಿರುವಲ್ಲಿ ಅಷ್ಟೇ ವಾಲಿದಾಗ "ಎಸ್‌ಯುವಿ ಅಂದ್ರೆ ಹಿಂಗೇ ಬಿಡಿ" ಅಂತ ಸುಮ್ನಾಗ್ತಾರೆ. ಶಾಕಪ್ (ಶಾಕ್ ಅಬ್ಸಾರ್ಬರ್) ಕೆಟ್ಟಿರ್ಲಿಲ್ಲ ಅಂತ ನಾನು ಹೇಳ್ತಿಲ್ಲ, ಕೆಟ್ಟಿರಲೂಬಹುದು, ಆದ್ರೆ ಗಾಡಿ ಎಷ್ಟು ವಾಲುತ್ತೆ ಅನ್ನೋದನ್ನ ಶಾಕಪ್ ತೀರ್ಮಾನ ಮಾಡೋದೇ ಇಲ್ಲ. ಇದೊಂದು ಅರ್ಥ ಆದ್ರೆ ಉಳಿದಿದ್ದನ್ನ ಹುಡುಕೋದು ಅಷ್ಟೇನೂ ಕಷ್ಟ ಇಲ್ಲ.

ಮೊದಲು ವಾಲೋದು ಯಾಕೆ ಅಂತ ನೋಡೋಣ, ಸ್ವಲ್ಪ ಲೆಕ್ಕ ಇದೆ, ಹೆದರ್ಬೇಡಿ. 2 ಟನ್ ತೂಕದ ಗಾಡಿ 25 ಮೀಟರ್ ತ್ರಿಜ್ಯದ ತಿರುವಲ್ಲಿ 36 ಕಿಮೀ ವೇಗದಲ್ಲಿ ಹೋಗ್ತಿದೆ ಅಂದ್ಕೊಳ್ಳಿ. 36 ಕಿಮೀ ಅಂದ್ರೆ ಸೆಕೆಂಡಿಗೆ 10 ಮೀಟರ್, ಅದರ ವರ್ಗ 100, ಅದನ್ನ 25ರಿಂದ ಭಾಗಿಸಿದ್ರೆ 4, ಅಂದ್ರೆ ಗುರುತ್ವದ ಶೇಕಡಾ 40ರಷ್ಟು ಎಳೆತ ಪಕ್ಕಕ್ಕೆ. 2 ಟನ್ ಗಾಡಿಗೆ ಇದು ಸುಮಾರು 800 ಕೆಜಿ ಪಕ್ಕದಿಂದ ತಳ್ಳಿದಷ್ಟು. ಅದೇ ತಿರುವಲ್ಲಿ 30 ಕಿಮೀಗೆ ಇಳಿಸಿದ್ರೆ ಈ 800 ಅನ್ನೋದು 560ರ ಹತ್ರ ಬಂದುಬಿಡುತ್ತೆ, ಯಾಕಂದ್ರೆ ವೇಗದ ವರ್ಗದ ಲೆಕ್ಕ ಇದು. ಬರೀ 6 ಕಿಮೀ ವ್ಯತ್ಯಾಸಕ್ಕೆ ಇಷ್ಟು. ಹಾಗಾಗಿ ಯಾರಾದ್ರೂ ಮೊದಲು ವಾಲ್ತಾ ಇರ್ಲಿಲ್ಲ, ಈಗ ವಾಲುತ್ತೆ ಅಂದ್ರೆ ನಾನು ಕೇಳೋದು, ಮೊದಲು ಎಷ್ಟರಲ್ಲಿ ಹೋಗ್ತಿದ್ರಿ, ಗಾಡಿ ಕೈಗೆ ಪಳಗಿದ್ಮೇಲೆ ಈಗ ಎಷ್ಟರಲ್ಲಿ ಹೋಗ್ತಿದ್ದೀರಿ ಅಂತ.

ಈ ತಳ್ಳು ಗಾಡಿಯ ಗುರುತ್ವ ಕೇಂದ್ರದ ಮೇಲೆ ಬೀಳುತ್ತೆ, ಹಿಡ್ಕೊಳ್ಳೋದು ಮಾತ್ರ ಕೆಳಗಡೆ ಟೈರು. ಮೇಲೆ ತಳ್ಳಿ ಕೆಳಗೆ ಹಿಡಿದ್ರೆ ಬಾಡಿ ಹೊರಗಡೆಗೆ ವಾಲ್ಲೇಬೇಕು. ಹುಲ್ಲು ಹೇರಿದ ಗಾಡಿ ಖಾಲಿ ಗಾಡಿಗಿಂತ ಬೇಗ ಪಲ್ಟಿ ಹೊಡೆಯೋದೂ ಇದೇ ಕಾರಣಕ್ಕೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದಕ್ಕೊಂದು ಸರಳ ಅಳತೆ ಇಟ್ಕೊಂಡಿದೆ, ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸೋದು. ಸಾಮಾನ್ಯ ಕಾರುಗಳಿಗೆ 1.3ರಿಂದ 1.5 ಬರುತ್ತೆ, ಎತ್ತರದ ಎಸ್‌ಯುವಿ, ಪಿಕಪ್, ವ್ಯಾನ್‌ಗಳಿಗೆ 1.0ರಿಂದ 1.3. ಸಂಖ್ಯೆ ಕಮ್ಮಿ ಆದಷ್ಟೂ ಮಗುಚೋದು ಸುಲಭ. ಈಗ ಮೇಲ್ಗಡೆ ಕ್ಯಾರಿಯರ್ ಹಾಕ್ಸಿ ಅದರ ಮೇಲೆ ಲಗೇಜು ಕಟ್ಟಿ ಎಲ್ಲಾ ಸೇರಿ 75 ಕೆಜಿ ಆಯ್ತು ಅಂದ್ಕೊಳ್ಳಿ, 2 ಟನ್ ಗಾಡಿಯಲ್ಲಿ ಗುರುತ್ವ ಕೇಂದ್ರ ಹತ್ರಹತ್ರ 4 ಸೆಂಟಿಮೀಟರ್ ಮೇಲೇರುತ್ತೆ, 1.10 ಇದ್ದಿದ್ದು 1.04 ಆಗುತ್ತೆ. ಆ ಕ್ಯಾರಿಯರ್ ಇಳಿಸದೇ ಸಸ್ಪೆನ್ಷನ್ ಬಿಚ್ಚೋದ್ರಲ್ಲಿ ಅರ್ಥ ಇಲ್ಲ.

ಸರಿ, ಈ ವಾಲೋದನ್ನ ತಡೆಯೋದು ಯಾರು? ಒಂದು ಸ್ಪ್ರಿಂಗು, ಇನ್ನೊಂದು ಸ್ಟೆಬಿಲೈಸರ್ ಬಾರ್. ಕೆಲವರು ಆಂಟಿ ರೋಲ್ ಬಾರ್ ಅಂತಾರೆ, ಎರಡೂ ಒಂದೇ. ಎಡಗಡೆ ಸಸ್ಪೆನ್ಷನ್ನಿಂದ ಬಲಗಡೆ ಸಸ್ಪೆನ್ಷನ್ನಿಗೆ ಅಡ್ಡಡ್ಡ ಹೋಗೋ ಒಂದು ಬಗ್ಗಿಸಿದ ಸ್ಟೀಲ್ ರಾಡು ಅದು, ಮಧ್ಯದಲ್ಲಿ ಎರಡು ರಬ್ಬರ್ ಬುಷ್ (ಜೋಡಣೆಯ ನಡುವೆ ಕೂರೋ ರಬ್ಬರ್ ಬಳೆ) ಮೂಲಕ ಚಾಸಿಗೆ, ಅಂದ್ರೆ ಗಾಡಿಯ ಕೆಳಗಿನ ಫ್ರೇಮಿಗೆ, ಹಿಡ್ಕೊಂಡಿರುತ್ತೆ, ಎರಡು ತುದಿಗೆ ಲಿಂಕ್ ರಾಡ್ ಅಂತ ಚಿಕ್ಕ ಕಡ್ಡಿಗಳು. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದ್ರೆ ಈ ರಾಡ್ ಸುಮ್ನೆ ತಿರುಗುತ್ತೆ, ಏನೂ ಕೆಲಸ ಮಾಡಲ್ಲ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋದಾಗ ಮಾತ್ರ ತಿರುಚ್ಕೊಳ್ಳುತ್ತೆ, ಆ ತಿರುಚೋ ವಿರೋಧಾನೇ ಗಾಡಿಯನ್ನ ನೆಟ್ಟಗೆ ಇಡೋದು. ಶಾಕಪ್ ಕೆಲಸ ಬೇರೆ, ಅದು ವೇಗಕ್ಕೆ ಮಾತ್ರ ವಿರೋಧ ಮಾಡುತ್ತೆ. ಉದ್ದದ ತಿರುವಲ್ಲಿ ಬಾಡಿ ಒಂದು ಕಡೆ ವಾಲಿ ಅಲ್ಲೇ ನಿಂತ್ಕೊಂಡಾಗ ಶಾಕಪ್ ಒಳಗಿನ ಪಿಸ್ಟನ್ ಓಡಾಡ್ತಾನೇ ಇಲ್ಲ, ಓಡಾಡದ ಶಾಕಪ್ ಏನನ್ನೂ ತಡೆಯಲ್ಲ. ಎಷ್ಟು ಬೇಗ ವಾಲುತ್ತೆ, ವಾಲಿದ್ದು ವಾಪಸ್ ಬಂದ್ಮೇಲೆ ಇನ್ನೊಂದು ಕಡೆ ಹೋಗುತ್ತಾ ಇಲ್ವಾ, ಅದು ಶಾಕಪ್ ಜವಾಬ್ದಾರಿ.

ಹಾಗಾಗಿ ಡ್ರೈವರ್ "ಅಲ್ಲಾಡುತ್ತೆ" ಅಂದಾಗ ಅದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಸೇರ್ಕೊಂಡಿರ್ಬಹುದು. ಉದ್ದ ತಿರುವಲ್ಲಿ ಒಂದೇ ಕಡೆ ಜಾಸ್ತಿ ವಾಲಿ ನಿಲ್ಲೋದು ಸ್ಪ್ರಿಂಗ್, ಬಾರ್, ಲಿಂಕ್, ಲೋಡ್, ಟೈರ್ ಕಡೆ ಬೆರಳು ತೋರಿಸುತ್ತೆ. ಎಡ ಬಲ ಎಡ ಅಂತ ಲೇನ್ ಬದಲಾಯಿಸಿದ್ಮೇಲೂ ತೂಗಾಡ್ತಾ ಇರೋದು ಶಾಕಪ್. ಮೂರನೇದು ಜನ ಜಾಸ್ತಿ ಗಮನಿಸದೇ ಇರೋದು, ನೇರ ರೋಡಲ್ಲಿ 80ರಲ್ಲಿ ಹೋಗ್ತಿರುವಾಗ ಪಕ್ಕದಲ್ಲಿ ಲಾರಿ ಪಾಸಾದ್ರೆ ಹಿಂದಿನ ಭಾಗ ಪಕ್ಕಕ್ಕೆ ಸರಿದಂಗೆ ಆಗೋದು, ಇಲ್ಲಾ ಸ್ಟೀರಿಂಗ್ ತಿರುಗಿಸಿ ಅರ್ಧ ಕ್ಷಣ ಆದ್ಮೇಲೆ ಹಿಂದುಗಡೆ ತಡವಾಗಿ ಬಂದು ಸೇರ್ಕೊಳ್ಳೋದು. ಇದು ವಾಲೋದೇ ಅಲ್ಲ, ಹಿಂದಿನ ಆಕ್ಸೆಲ್ಲೇ ಜಾಗ ಬಿಟ್ಟು ಓಡಾಡ್ತಿದೆ, ಬುಷ್‌ಗಳು ಹೋಗಿವೆ. ಇದಕ್ಕೆ ಎಷ್ಟು ದುಡ್ಡಿನ ಶಾಕಪ್ ಹಾಕಿದ್ರೂ ಉಪಯೋಗ ಇಲ್ಲ.

ಇನ್ನು ಪರೀಕ್ಷೆ ಮಾಡೋದು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಟೈರಿನ ಗಾಳಿ ನೋಡಿ, ಡ್ರೈವರ್ ಡೋರ್ ಪಕ್ಕದ ಪಿಲ್ಲರ್ ಮೇಲೆ ಸ್ಟಿಕ್ಕರ್ ಇರುತ್ತೆ, ಅಷ್ಟೇ ಇರ್ಬೇಕು, ಫುಲ್ ಲೋಡಿಗೆ ಬೇರೆ ನಂಬರ್ ಕೊಟ್ಟಿದ್ರೆ ಅದು. ರೈಡ್ ಸಾಫ್ಟ್ ಇರ್ಲಿ ಅಂತ ಗಾಳಿ ಕಮ್ಮಿ ಹಾಕಿಸೋರು ತುಂಬಾ ಜನ, ಎತ್ತರದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಇರೋ ಎಸ್‌ಯುವಿ ಟೈರಿನಲ್ಲಿ ಗಾಳಿ ಕಮ್ಮಿ ಆದ್ರೆ ಟೈರೇ ಪಕ್ಕಕ್ಕೆ ಮಡಚ್ಕೊಂಡು ಗಾಡಿ ವಾಲಿದಂಗೆ ಅನ್ಸುತ್ತೆ. ಟೈರ್ ಸೈಜು ಬದಲಾಯಿಸಿದ್ದೀರಾ ಅನ್ನೋದೂ ಇಲ್ಲೇ ನೆನಪು ಮಾಡ್ಕೊಳ್ಳಿ. ಇದಾದ್ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಸಿ ಪ್ರತಿ ಚಕ್ರದ ಮಧ್ಯಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರ್ಕೊಳ್ಳಿ. ನೆಲದಿಂದ ಅಳೆದ್ರೆ ಟೈರ್ ವ್ಯತ್ಯಾಸ ಸೇರ್ಕೊಳ್ಳುತ್ತೆ, ಅದಕ್ಕೇ ಚಕ್ರದ ಮಧ್ಯದಿಂದ. ಎಡ ಬಲಕ್ಕೆ ಐದು ಹತ್ತು ಎಂಎಂ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ, ಅದಕ್ಕಿಂತ ಜಾಸ್ತಿ ಇದ್ರೆ ತಗ್ಗಿರೋ ಕಡೆ ಸ್ಪ್ರಿಂಗ್ ಕೂತಿದೆ ಇಲ್ಲಾ ಒಂದು ಸುತ್ತು ಕಟ್ ಆಗಿದೆ. ಕಾಯಿಲ್ ಸ್ಪ್ರಿಂಗ್ ಹೆಚ್ಚಾಗಿ ಕೆಳಗಿನ ತುದಿಯಲ್ಲಿ, ಮಣ್ಣು ನೀರು ಕೂರೋ ಕಡೆ ಕಟ್ ಆಗುತ್ತೆ, ಕೈ ಹಾಕಿ ತಡಕಿದ್ರೇನೇ ಗೊತ್ತಾಗೋದು. ಬೊಲೆರೋ ತರ ಹಿಂದೆ ಕಮಾನು (ಲೀಫ್ ಸ್ಪ್ರಿಂಗ್) ಇರೋ ಗಾಡಿ ಆದ್ರೆ ಕಮಾನು ಪಟ್ಟಿ ಯಾವುದಾದ್ರೂ ತುಂಡಾಗಿದ್ಯಾ, ಕಮಾನನ್ನ ಆಕ್ಸೆಲ್ಲಿಗೆ ಕಟ್ಟಿರೋ ಯು ಬೋಲ್ಟ್ ಲೂಸ್ ಆಗಿದ್ಯಾ, ಕಮಾನಿನ ತುದಿಯನ್ನ ಚಾಸಿಗೆ ನೇತುಹಾಕಿರೋ ಶ್ಯಾಕಲ್‌ನ ಬುಷ್ ಹೇಗಿದೆ ಅಂತ ನೋಡ್ಬೇಕು.

ರೋಡ್ ಟೆಸ್ಟ್‌ಗೆ ಖಾಲಿ ಮೈದಾನ ಸಾಕು, ಘಾಟಿ ಬೇಡ. 20 ಕಿಮೀ ಆಸುಪಾಸಿನಲ್ಲಿ ದೊಡ್ಡ ವೃತ್ತ ಹೊಡೀರಿ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಅದೇ ವೇಗದಲ್ಲಿ ಅದೇ ವೃತ್ತ. ಹಿಂದೆ ಒಬ್ಬರು ಸುರಕ್ಷಿತ ದೂರದಲ್ಲಿ ನಿಂತು ಮೊಬೈಲಲ್ಲಿ ವಿಡಿಯೋ ತೆಗೀಲಿ, ಬಂಪರ್ ಗೆರೆ ನೆಲಕ್ಕೆ ಎಷ್ಟು ಓರೆ ಆಗಿದೆ ಅಂತ ಆಮೇಲೆ ನಿಲ್ಸಿ ನಿಲ್ಸಿ ನೋಡ್ಬಹುದು. ಕೆಲವರು ಡ್ಯಾಶ್‌ಬೋರ್ಡ್ ಮೇಲೆ ಫೋನ್ ಇಟ್ಟು ಲೆವೆಲ್ ಆಪ್ ಹಾಕಿ "ನಮ್ಮ ಗಾಡಿ 25 ಡಿಗ್ರಿ ವಾಲುತ್ತೆ" ಅಂತಾರೆ, ಅದನ್ನ ನಂಬ್ಬೇಡಿ. ಫೋನಿನ ಸೆನ್ಸರ್‌ಗೆ ಪಕ್ಕದ ಎಳೆತಾನೂ ಗುರುತ್ವಾನೂ ಒಂದೇ ತರ ಕಾಣುತ್ತೆ, ಮೇಲೆ ಹೇಳಿದ ಶೇಕಡಾ 40ರ ತಿರುವಲ್ಲಿ ಗಾಡಿ ಒಂಚೂರೂ ವಾಲದೇ ಇದ್ರೂ ಆಪ್ 22 ಡಿಗ್ರಿ ತೋರಿಸುತ್ತೆ, ನಿಜವಾಗಿ ಬಾಡಿ ವಾಲಿರೋದು ಕೆಲವೇ ಡಿಗ್ರಿ ಇರುತ್ತೆ. ಎಡ ಬಲ ಎರಡರಲ್ಲೂ ಒಂದೇ ತರ ಜಾಸ್ತಿ ವಾಲಿದ್ರೆ ಬಾರ್ ಕೆಲಸ ಮಾಡ್ತಿಲ್ಲ, ಇಲ್ಲಾ ಸ್ಪ್ರಿಂಗ್ ಎರಡೂ ಕಡೆ ಸೋತಿದೆ ಅಂತ ಅನುಮಾನ. ಒಂದೇ ಕಡೆ ಜಾಸ್ತಿ ಇದ್ರೆ ಎತ್ತರ ಅಳೆದಿದ್ದ ಚೀಟಿ ತೆಗೆದು ನೋಡಿ, ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತೆ. ಆಮೇಲೆ ಸ್ವಲ್ಪ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಅಂತ ನಿಧಾನಕ್ಕೆ ಆಡಿಸಿ ನೇರ ಮಾಡಿ, ಬಾಡಿ ಒಂದು ಸಲ ಬಂದು ನಿಂತ್ರೆ ಶಾಕಪ್ ಪರವಾಗಿಲ್ಲ, ಇನ್ನೂ ಒಂದೆರಡು ಸಲ ತೂಗಿದ್ರೆ ಮುಗೀತು ಅದರ ಕಥೆ.

ಬಾನೆಟ್ ಮೇಲೆ ಕೈಯಿಟ್ಟು ಒತ್ತಿ ಎಷ್ಟು ಸಲ ಕುಣಿಯುತ್ತೆ ಅಂತ ನೋಡೋ ಹಳೇ ವಿಧಾನ ಸಣ್ಣ ಕಾರಿಗೆ ಏನೋ ಸರಿ, 2 ಟನ್ ಗಾಡಿಯಲ್ಲಿ ಬುಷ್‌ಗಳ ಬಿಗಿತಾನೇ ಅಷ್ಟು ಇರುತ್ತೆ, ಅರ್ಧ ಸತ್ತ ಶಾಕಪ್ಪೂ ಪಾಸಾಗಿಬಿಡುತ್ತೆ. ಅದರ ಬದಲು ಶಾಕಪ್ ಮೈ ನೋಡಿ. ಸೀಲ್ ಹತ್ರ ತೆಳ್ಳಗೆ ಎಣ್ಣೆ ತೇವ, ಅದಕ್ಕೆ ಧೂಳು ಹಿಡಿದಿರೋದು ಇದ್ರೆ ಅಷ್ಟಕ್ಕೇ ತೆಗೆದು ಎಸೀಬೇಡಿ, ಕೆಳಗಿನವರೆಗೂ ಎಣ್ಣೆ ಹರಿದು ತೊಟ್ಟಿಕ್ಕೋ ಹಂಗೆ ಇದ್ರೆ ಹೋಗಿದೆ. ಇನ್ನೊಂದು ಸುಳಿವು, ಬೆಳಿಗ್ಗೆ ಚೆನ್ನಾಗಿದ್ದ ಗಾಡಿ ಕಿತ್ತುಹೋದ ರೋಡಲ್ಲಿ ಒಂದು ಗಂಟೆ ಓಡಿಸಿದ್ಮೇಲೆ ತೂಗಾಡೋಕೆ ಶುರು ಮಾಡಿ, ಊಟಕ್ಕೆ ನಿಲ್ಸಿ ಹೊರಟ್ಮೇಲೆ ಮತ್ತೆ ಸರಿಹೋದ್ರೆ, ಒಳಗಿನ ಎಣ್ಣೆ ಬಿಸಿಯಾಗಿ ತೆಳ್ಳಗಾಗಿ ನೊರೆ ಬರ್ತಿದೆ ಅಂತ ಅರ್ಥ, ಹೊರಗಡೆ ಲೀಕ್ ಕಾಣದೇ ಇದ್ರೂ ಶಾಕಪ್ ಕೊನೆ ಹಂತದಲ್ಲಿದೆ.

ಈಗ ಗಾಡಿ ಕೆಳಗೆ ಹೋಗೋ ವಿಷಯ, ನನ್ನ ಪ್ರಕಾರ ಗ್ಯಾರೇಜ್‌ಗಳಲ್ಲಿ ಅತಿ ಹೆಚ್ಚು ಎಡವೋದು ಇಲ್ಲೇ. ಲಿಂಕ್ ರಾಡ್ ಚೆಕ್ ಮಾಡೋಕೆ ಹುಡುಗ ಒಂದು ಕಡೆ ಜಾಕ್ ಕೊಟ್ಟು ಚಕ್ರ ಎತ್ತಿ, ಲಿಂಕ್ ಹಿಡಿದು ಅಲ್ಲಾಡಿಸಿ, "ಟೈಟಾಗಿದೆ ಸರ್, ಏನೂ ಆಗಿಲ್ಲ" ಅಂತಾನೆ. ಒಂದೇ ಕಡೆ ಎತ್ತಿದಾಗ ಸ್ಟೆಬಿಲೈಸರ್ ಬಾರ್ ತಿರುಚ್ಕೊಂಡು ಎರಡೂ ಲಿಂಕನ್ನ ಜಗ್ಗಿ ಹಿಡಿದಿರುತ್ತೆ, ಲಿಂಕ್ ತುದಿಯ ಬಾಲ್ ಜಾಯಿಂಟ್ ಪೂರ್ತಿ ಸವೆದಿದ್ರೂ ಆ ಜಗ್ಗಾಟದಲ್ಲಿ ಅದರ ಸಡಿಲ ಗೊತ್ತಾಗಲ್ಲ. ಎರಡೂ ಚಕ್ರ ನೆಲದ ಮೇಲೆ ಇರ್ಬೇಕು, ಇಲ್ಲಾ ಎರಡೂ ಸಮವಾಗಿ ನೇತಾಡ್ತಿರ್ಬೇಕು, ಆಗ ಬಾರ್ ಸಡಿಲ ಇರುತ್ತೆ, ಆಗ ಲಿಂಕ್ ಹಿಡಿದು ಜೋರಾಗಿ ಅಲ್ಲಾಡಿಸಿದ್ರೆ ಟಕ್ ಟಕ್ ಅಂತ ಕೈಗೇ ಸಿಗುತ್ತೆ. ಸಣ್ಣ ಸಣ್ಣ ಗುಂಡಿಗಳಲ್ಲಿ ನಿಧಾನಕ್ಕೆ ಹೋಗುವಾಗ ಟಕಟಕ ಶಬ್ದ, ದೊಡ್ಡ ಹಂಪಲ್ಲಿ ಶಬ್ದಾನೇ ಇಲ್ಲ ಅಂದ್ರೆ ಅದು ಬಹುಮಟ್ಟಿಗೆ ಲಿಂಕೇ. ಹಾಗೇ ಬಾರ್ ಮಧ್ಯದ ಬುಷ್ ನೋಡಿ, ರಬ್ಬರಿಗೂ ರಾಡಿಗೂ ನಡುವೆ ಗ್ಯಾಪ್ ಕಂಡ್ರೆ, ಇಲ್ಲಾ ಬುಷ್ ಪಕ್ಕದಲ್ಲಿ ರಾಡ್ ಮೇಲೆ ಉಜ್ಜಿ ಹೊಳೆಯೋ ಗುರುತಿದ್ರೆ, ಬಾರ್ ಪಕ್ಕಕ್ಕೆ ಜಾರ್ತಿದೆ. ಆ ಗ್ಯಾಪ್ ತುಂಬೋವರೆಗೆ ಬಾಡಿ ವಾಲ್ತಾ ಹೋಗುತ್ತೆ, ಆಮೇಲಷ್ಟೇ ಬಾರ್ ಕೆಲಸ ಶುರು ಮಾಡೋದು, ಹಾಗಾಗಿ ಡ್ರೈವರಿಗೆ ತಿರುವಿನ ಮೊದಲಲ್ಲೇ ಒಂದು ಸಲ ಧುಡುಂ ಅಂತ ಬಿದ್ದಂಗೆ ಅನ್ಸುತ್ತೆ.

ಇನ್ನೊಂದು ಮಾತು, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ರೆ ಲಿಂಕ್ ಇದ್ಯಾ ಅಂತಾನೇ ಮೊದಲು ನೋಡಿ! ಶಬ್ದ ಬರ್ತಿದೆ ಅಂತ ಬಂದ ಗಾಡಿಗೆ ಲಿಂಕ್ ಬಿಚ್ಚಿಟ್ಟು ಕಳಿಸೋ ಪುಣ್ಯಾತ್ಮರು ಇದ್ದಾರೆ, ಶಬ್ದ ನಿಲ್ಲುತ್ತೆ, ಓನರಿಗೆ ಖುಷಿ, ಗಾಡಿ ಮಾತ್ರ ತಿರುವಲ್ಲಿ ಮಲಗೋಕೆ ಶುರು ಮಾಡುತ್ತೆ. ಆಫ್‌ರೋಡ್ ಹೋಗೋರು ಬೇಕಂತಾನೇ ಬಿಚ್ತಾರೆ, ಕಲ್ಲು ಬಂಡೆ ಮೇಲೆ ಒಂದೊಂದು ಚಕ್ರ ಬೇರೆ ಬೇರೆಯಾಗಿ ಇಳಿಬೇಕು ಅಂತ, ಅದು ಸರಿ, ಆದ್ರೆ ಟಾರ್ ರೋಡಿಗೆ ಬರೋಕೆ ಮುಂಚೆ ವಾಪಸ್ ಹಾಕ್ತಾರೆ.

ಹಿಂದಿನ ಆಕ್ಸೆಲ್ ವಿಷಯಕ್ಕೆ ಬರೋಣ. ಬಿಡದಿಯಲ್ಲಿ ತಯಾರಾಗೋ ಫಾರ್ಚೂನರ್ ಆಗ್ಲಿ ಇನ್ನೋವಾ ಕ್ರಿಸ್ಟಾ ಆಗ್ಲಿ ಹಿಂದೆ ಇರೋದು ಗಟ್ಟಿ ಆಕ್ಸೆಲ್, ಅಂದ್ರೆ ಎರಡೂ ಚಕ್ರ ಒಂದೇ ದಂಡಕ್ಕೆ ಕೂತಿರೋದು, ಅದನ್ನ ಮುಂದೆ ಹಿಂದೆ ಹೋಗದಂಗೆ ಹಿಡಿಯೋಕೆ ನಾಲ್ಕು ಲಿಂಕು (ಇವನ್ನ ಆರ್ಮ್ ಅಂತಾನೂ ಅಂತಾರೆ, ಮೇಲೆ ಹೇಳಿದ ಲಿಂಕ್ ರಾಡ್ ಬೇರೆ), ಪಕ್ಕಕ್ಕೆ ಹೋಗದಂಗೆ ಹಿಡಿಯೋಕೆ ಒಂದು ಅಡ್ಡ ರಾಡು, ಅದಕ್ಕೆ ಲ್ಯಾಟರಲ್ ರಾಡ್ ಇಲ್ಲಾ ಪ್ಯಾನ್‌ಹಾರ್ಡ್ ರಾಡ್ ಅಂತಾರೆ. ಇದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸೆಲ್ಲಿಗೆ. ಎರಡು ತುದಿಯ ಬುಷ್‌ಗಳಲ್ಲಿ ಒಂದು ಹರಿದ್ರೂ ಇಡೀ ಆಕ್ಸೆಲ್ ಪಕ್ಕಕ್ಕೆ ಆಡೋಕೆ ಜಾಗ ಸಿಗುತ್ತೆ. ಗಾಡಿಯನ್ನ ಪಿಟ್ ಮೇಲೆ ಚಕ್ರ ಊರಿಕೊಂಡೇ ನಿಲ್ಸಿ, ಇಬ್ಬರು ಹಿಂದಿನ ಪಿಲ್ಲರ್ ಹಿಡಿದು ಬಾಡಿಯನ್ನ ಪಕ್ಕಕ್ಕೆ ತಳ್ಳಿ ಎಳೀತಾ ಇರ್ಲಿ, ನೀವು ಕೆಳಗೆ ಟಾರ್ಚ್ ಹಿಡಿದು ರಾಡಿನ ಬೋಲ್ಟ್ ಕಡೆ ನೋಡಿ. ಚೆನ್ನಾಗಿರೋ ಬುಷ್ ಒಳಗೆ ಬೋಲ್ಟ್ ಕೂದಲೆಳೆಯಷ್ಟು ಅಲ್ಲಾಡಿದಂಗೆ ಕಾಣುತ್ತೆ ಅಷ್ಟೇ, ಹೋಗಿರೋ ಬುಷ್ ಆದ್ರೆ ನೋಡಿದ ತಕ್ಷಣ ಗೊತ್ತಾಗುತ್ತೆ, ರಬ್ಬರ್ ಬಿರುಕು ಬಾಯ್ಬಿಟ್ಟು ಮುಚ್ಚುತ್ತೆ. ಮುಂದೆ ಹಿಂದೆ ಹಿಡಿಯೋ ಆರ್ಮ್‌ಗಳ ಬುಷ್‌ಗೆ ಉದ್ದದ ಲಿವರ್ ಹಾಕಿ ಮೀಟಿ ನೋಡ್ಬೇಕು. ಒಂದು ಕಡೆ ಮಾತ್ರ ಹೋಗಿದ್ರೆ ತಿರುವಲ್ಲಿ ಆಕ್ಸೆಲ್ಲೇ ಸ್ವಲ್ಪ ಓರೆ ತಿರುಗುತ್ತೆ, ಅಂದ್ರೆ ಹಿಂದಿನ ಚಕ್ರಗಳೂ ತಮಗೆ ತಾವೇ ಸ್ಟೀರ್ ಮಾಡುತ್ವೆ, ಡ್ರೈವರ್ ಅದನ್ನ ಸರಿಮಾಡೋಕೆ ಸ್ಟೀರಿಂಗ್ ತಿರುಗಿಸ್ತಾನೆ, ಗಾಡಿ ಮತ್ತೆ ವಾಲುತ್ತೆ, ಹಿಂಗೇ ನಡೀತಾ ಹೋಗುತ್ತೆ.

ಆದ್ರೆ ಲ್ಯಾಟರಲ್ ರಾಡ್ ಹೊಸದಿದ್ರೂ ಆಕ್ಸೆಲ್ಲಿಗೆ ಸ್ವಲ್ಪ ಪಕ್ಕದ ಓಡಾಟ ಇದ್ದೇ ಇರುತ್ತೆ, ಯಾಕಂದ್ರೆ ಆಕ್ಸೆಲ್ ಮೇಲೆ ಕೆಳಗೆ ಹೋಗುವಾಗ ಈ ರಾಡ್ ಕಮಾನಿನ ದಾರಿಯಲ್ಲಿ ತಿರುಗುತ್ತೆ, ಅದರ ಜೊತೆ ಆಕ್ಸೆಲ್ಲೂ ಸ್ವಲ್ಪ ಪಕ್ಕಕ್ಕೆ ಹೋಗ್ಲೇಬೇಕು. ಇದನ್ನ ತಪ್ಪಿಸೋಕೆ ವಾಟ್ಸ್ ಲಿಂಕೇಜ್ ಅಂತ ಇನ್ನೊಂದು ವ್ಯವಸ್ಥೆ ಇದೆ, 2016ರಲ್ಲಿ ಬಂದ ಎಂಡೆವರ್‌ಗೆ ಹಾಕಿದ್ರು, 2022ರ ಸ್ಕಾರ್ಪಿಯೋ ಎನ್‌ಗೂ ಇದೆ. ಹಾಗಾಗಿ ಸ್ಕಾರ್ಪಿಯೋ ಎನ್‌ನ ಮೂರನೇ ಸಾಲಲ್ಲಿ ಕೂತು ಬಂದೋರು ತಮ್ಮ ಹಳೇ ಗಾಡಿ ಕೆಟ್ಟಿದೆ ಅಂತ ಅಂದ್ಕೊಳ್ಳೋದು ಬೇಡ, ಕೆಲವು ವ್ಯತ್ಯಾಸ ಡಿಸೈನಿನದ್ದೇ.

ಚಾಸಿ ಮೇಲೆ ಬಾಡಿ ಕೂರ್ಸಿರೋ ಗಾಡಿಗಳಲ್ಲಿ ಇನ್ನೊಂದು ಜಾಗ ಇದೆ, ಯಾರೂ ನೋಡಲ್ಲ. ಬಾಡಿಗೂ ಚಾಸಿಗೂ ನಡುವೆ ದಪ್ಪ ರಬ್ಬರ್ ಮೌಂಟ್‌ಗಳು ಇರುತ್ವೆ, ಹತ್ತು ಹದಿನೈದು ವರ್ಷದ ಗಾಡಿಯಲ್ಲಿ, ಅದ್ರಲ್ಲೂ ಕರಾವಳಿಯಲ್ಲಿ ಮಳೆ ಉಪ್ಪುಗಾಳಿ ತಿಂದಿರೋ ಗಾಡಿಯಲ್ಲಿ ಇವು ಕುಸಿದು ಚಪ್ಪಟೆ ಆಗಿರುತ್ತೆ, ಒಳಗಿನ ಲೋಹದ ಪೈಪ್ ತುಕ್ಕು ಹಿಡಿದಿರುತ್ತೆ. ಸಸ್ಪೆನ್ಷನ್ ಎಲ್ಲಾ ಸರಿಯಿದ್ದು ಬಾಡಿ ಮಾತ್ರ ಚಾಸಿ ಮೇಲೆ ಬೇರೆಯಾಗಿ ಅಲ್ಲಾಡ್ತಿದ್ರೆ ಇದೇ. ಎಕ್ಸ್‌ಯುವಿ 700, 2021ರ ನಂತರದ ಸಫಾರಿ ತರದ ಮಾನೊಕಾಕ್ (ಬೇರೆ ಚಾಸಿ ಇಲ್ಲದೇ ಬಾಡಿಯೇ ಚಾಸಿ ಆಗಿರೋ) ಗಾಡಿಗಳಲ್ಲಿ ಈ ತಾಪತ್ರಯ ಇಲ್ಲ, ಅವುಗಳಲ್ಲಿ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಶಾಕಪ್ ಒಟ್ಟಿಗೆ ಇರೋ ಜೋಡಿ) ಮೇಲಿನ ಮೌಂಟ್, ಲಿಂಕ್ ರಾಡ್ ಇವೆರಡು ನೋಡಿ. ಟೊಯೋಟಾ ಪ್ರಾಡೊ, ಲ್ಯಾಂಡ್ ಕ್ರೂಸರ್ 200ರಲ್ಲಿ ಕೆಡಿಎಸ್‌ಎಸ್ ಅಂತ ಮುಂದಿನ ಹಿಂದಿನ ಬಾರ್‌ಗಳನ್ನ ಹೈಡ್ರಾಲಿಕ್ಕಿನಿಂದ ಜೋಡಿಸಿರೋ ಮಾಡೆಲ್‌ಗಳಿವೆ, ಅಂಥವು ನಿಂತಲ್ಲೇ ಒಂದು ಕಡೆ ವಾಲಿದ್ರೆ ಲೋಕಲ್ ಗ್ಯಾರೇಜಲ್ಲಿ ಕೈ ಹಾಕಿಸ್ಬೇಡಿ, ಅದರ ವಾಲ್ವ್ ತೆಗೆಯೋಕೆ ಹಾಕೋಕೆ ಅದರದ್ದೇ ಕ್ರಮ ಇದೆ.

ಎಲ್ಲಾ ಸರಿಯಿದ್ದೂ ಇನ್ನೂ ಕಮ್ಮಿ ವಾಲ್ಬೇಕು ಅನ್ನೋರು ದಪ್ಪ ಬಾರ್ ಹಾಕಿಸ್ತಾರೆ. ರಾಡಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತೆ, 25 ಎಂಎಂ ಬದಲು 28 ಎಂಎಂ ಹಾಕಿದ್ರೆ ಬರೀ 3 ಎಂಎಂಗೆ ಬಿಗಿ ಶೇಕಡಾ 57ರಷ್ಟು ಜಾಸ್ತಿ. ಕೇಳೋಕೆ ಚೆನ್ನಾಗಿದೆ, ಆದ್ರೆ ಒಂದು ಚಕ್ರ ಗುಂಡಿಗೆ ಇಳಿದ್ರೆ ಆ ಏಟು ಇನ್ನೊಂದು ಕಡೆಗೂ ಹೋಗುತ್ತೆ, ತಲೆ ಎಡಕ್ಕೆ ಬಲಕ್ಕೆ ಎಸೆದಂಗೆ ಆಗುತ್ತೆ, ನಮ್ಮ ರೋಡುಗಳಿಗೆ ಇದು ಯೋಚನೆ ಮಾಡೋ ವಿಷಯ. ಹಿಂದೆ ಮಾತ್ರ ದಪ್ಪ ಹಾಕಿದ್ರೆ ಒದ್ದೆ ರೋಡಲ್ಲಿ ಹಿಂಬದಿ ಜಾರೋಕೆ ಶುರುವಾಗ್ಬಹುದು, ಅದಂತೂ ಬೇಡವೇ ಬೇಡ. ಎರಡಿಂಚು ಲಿಫ್ಟ್ ಕಿಟ್ ಹಾಕ್ಸಿದೋರ ಕಥೆ ಬೇರೆ, ಗಾಡಿ ಎತ್ತರ ಆಗೋದ್ರ ಜೊತೆ ಲ್ಯಾಟರಲ್ ರಾಡಿನ ಓರೆ ಜಾಸ್ತಿ ಆಗಿ ಆಕ್ಸೆಲ್ ಒಂದು ಪಕ್ಕಕ್ಕೆ ಸರಿದಿರುತ್ತೆ, ಹಿಂದಿನಿಂದ ನೋಡಿದ್ರೆ ಒಂದು ಟೈರು ಫೆಂಡರ್‌ನಿಂದ ಹೊರಗೆ ಕಾಣುತ್ತೆ, ಅಡ್ಜಸ್ಟ್ ಮಾಡೋ ರಾಡ್ ಹಾಕ್ಸದೇ ಅದು ಸರಿಹೋಗಲ್ಲ.

ಕೊನೆಗೆ ಬುಷ್ ಬದಲಾಯಿಸುವಾಗ ನೀವೇ ನಿಂತು ನೋಡ್ಬೇಕಾದ ಒಂದು ಕೆಲಸ ಇದೆ. ಗಾಡಿ ಲಿಫ್ಟ್ ಮೇಲೆ ಚಕ್ರ ನೇತಾಡ್ತಿರುವಾಗಲೇ ಆರ್ಮ್ ಬೋಲ್ಟ್‌ಗಳನ್ನ ಪೂರ್ತಿ ಟೈಟ್ ಮಾಡ್ಬಿಡ್ತಾರೆ, ಕೆಳಗಿಳಿಸಿದ ತಕ್ಷಣ ಆ ರಬ್ಬರ್ ತಿರುಚಿಕೊಂಡೇ ಕೂರುತ್ತೆ, ಓಡಾಡುವಾಗ ಇನ್ನೂ ತಿರುಚಿ ಬೇಗ ಹರಿಯುತ್ತೆ, ಆಮೇಲೆ "ಪಾರ್ಟ್ ಡೂಪ್ಲಿಕೇಟ್" ಅಂತ ಅಂಗಡಿಯವನಿಗೆ ಬೈತಾರೆ. ಬೋಲ್ಟ್ ಕೈಬಿಗಿಯಲ್ಲಿ ಹಾಕಿ, ಗಾಡಿ ನೆಲಕ್ಕಿಳಿಸಿ, ಒಂದೆರಡು ಸಲ ಒತ್ತಿ ಕುಣಿಸಿ, ಚಕ್ರದ ಮೇಲೆ ಭಾರ ಇರುವಾಗ ಕಂಪನಿ ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿ ಮಾಡ್ಬೇಕು. ಆರ್ಮ್ ಬಿಚ್ಚಿದ್ರೆ ಅಲೈನ್ಮೆಂಟ್ ಮಾಡ್ಸಿ, ಮತ್ತೆ ಅದೇ ಮೈದಾನಕ್ಕೆ ಅದೇ ಗಾಳಿ, ಅದೇ ಲೋಡಲ್ಲಿ ಹೋಗಿ ಅದೇ ವೃತ್ತ ಹೊಡೆದು ವಿಡಿಯೋ ತೆಗೀರಿ, ಹಳೇದ್ರ ಪಕ್ಕ ಇಟ್ಟು ನೋಡಿದ್ರೆ ಹಾಕ್ಸಿದ ಪಾರ್ಟ್ ಕೆಲಸ ಮಾಡಿದ್ಯಾ ಇಲ್ವಾ ಅಂತ ಗೊತ್ತಾಗುತ್ತೆ.